ಕೇಬಲ್ಲಿನಲ್ಲಿ ಉಳಿದ ಗೆಳತಿ

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಬೆಂಗಳೂರಿನ ಚಾನೆಲ್ಲುಗಳಲ್ಲಿ ಹುಡುಗಿಯರು ಫೋನಿನಲ್ಲಿ ಹರಟೆ ಹೊಡೆಯುತ್ತ ಹಾಡು ಹಾಕುವುದನ್ನು ನೋಡಿ ಬೆಟಗೇರಿಯ ನಮ್ಮ ಕೇಬಲ್‌ನವನಿಗೂ ಆಸೆಯಾಯಿತು. ಅಂಗಡಿಯ ಮೇಲಿನ ಕೋಣೆಯಲ್ಲಿ ನೀಲಿ ಪರದೆ ಕಟ್ಟಿ, ಮೇಜಿನ ಮೇಲೆ ಫೋನಿಟ್ಟು, ಸಂಜೆಯ ಕಾರ್ಯಕ್ರಮ ಶುರು ಮಾಡಿದ. ಅದನ್ನು ನಡೆಸಿಕೊಡಲು ಒಪ್ಪಿದವಳು ನನ್ನ ಗೆಳತಿ, ಪಕ್ಕದ ಮನೆಯ ಟೇಲರ್ ಚಾಚಾನ ಮಗಳು. ಮೊದಮೊದಲು ಬೆಂಗಳೂರಿನವರಂತೆ ಮಾತಾಡಲು ಒದ್ದಾಡಿದಳು. ಆಮೇಲೆ ನಮ್ಮ ಮಾತಿಗೇ ಇಳಿದಳು.

“ಹಲೋ, ಯಾರ್ ಮಾತಾಡೋದ್ರಿ? ಮೊದ್ಲ ಟಿವಿ ಸೌಂಡ್ ಕಡಿಮಿ ಮಾಡ್ರಿ. ಇಲ್ಲಾಂದ್ರ ನನ್ ದನಿ ನನಗ ತಿರುಗಿ ಕೇಳ್ತೈತಿ.”

ಕಾಲೇಜಿನವರೆಲ್ಲ ಅವಳಿಗೆ ಮರುಳಾದರು. ಹೊಂಬಳದ ತನಕ ತಂತಿ ಎಳೆದಿದ್ದರು, ಅಲ್ಲಿಂದಲೂ ಫೋನು ಬರುತ್ತಿತ್ತು.

ಬೇಸಿಗೆಯಲ್ಲಿ ಲಕ್ಷ್ಮೇಶ್ವರಕ್ಕೆ ಮದುವೆಗೆ ಹೋದವಳು ಜ್ವರ ಹಿಡಿದು ಬಂದಳು. ಅದು ತಲೆಗೇರಿತು. ಹುಬ್ಬಳ್ಳಿಗೆ ಒಯ್ದರೂ ಉಳಿಯಲಿಲ್ಲ.

ಅವಳು ತೀರಿದ ನಲವತ್ತನೆಯ ದಿನದ ಫಾತಿಹಾ ಮುಗಿದಿತ್ತು. ಒಂದು ಸಂಜೆ ಟಿವಿ ಹಚ್ಚಿದರೆ ನೀಲಿ ಪರದೆಯ ಮುಂದೆ ಅವಳೇ ಕೂತಿದ್ದಾಳೆ. ಹಳದಿ ದುಪಟ್ಟಾ ಸರಿಪಡಿಸಿಕೊಂಡು ರಿಸೀವರ್ ಎತ್ತಿ “ಹಲೋ” ಅಂದಳು. ಕೇಬಲ್‌ನವನ ಅಂಗಡಿಗೆ ಓಡಿದೆ.

“ನಾ ಸುಮ್ಸುಮ್ನ ಹಾಕಿಲ್ಲವ್ವಾ. ಅವರಪ್ಪನ ಬಂದು ಹಳೇ ಕ್ಯಾಸೆಟ್ ಹಾಕಂದ್ರು,” ಎಂದ ಅವನು. ಪಕ್ಕದಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. “ಕೇಳು. ಗೊತ್ತಿಲ್ದವ್ರು ಇನ್ನೂ ಹಚ್ತಾರ. ಅಕ್ಕಾರಿಗೆ ಕೊಡ್ರಿ ಅಂತಾರ. ನಾ ಏನ್ ಹೇಳ್ಲಿ?”

ಚಾಚಾನನ್ನು ಕೇಳಿದರೆ ಬಟ್ಟೆಯಿಂದ ಕಣ್ಣೆತ್ತದೆ, “ದಿನಾ ಮನ್ಯಾಗ ಮಾತಾಡ್ತಾಳಲ್ಲವ್ವಾ,” ಎಂದ.

ಅವಳ ಅವ್ವ ಚಾಚಿಗೆ ಮಾತ್ರ ಅದನ್ನು ತಾಳಲಾಗುತ್ತಿರಲಿಲ್ಲ. ಕಾರ್ಯಕ್ರಮ ಶುರುವಾದೊಡನೆ ಬಂದು ನಮ್ಮ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದಳು. ಅವಳ ಸಲುವಾಗಿ ನಮ್ಮ ಟಿವಿ ಬಂದ್ ಇಟ್ಟರೂ ಉಳಿದ ಮನೆಗಳಿಂದ ದನಿ ಕೇಳುತ್ತಲೇ ಇತ್ತು. ಹಾಗೆ ಇಬ್ಬರೂ ಕೂತಿದ್ದಾಗ ಒಂದು ಸಂಜೆ ಹಿಂದೆ ನಾನೇ ಅವಳಿಗೆ ಫೋನು ಮಾಡಿದ್ದ ಕ್ಯಾಸೆಟ್ ಬಂತು.

“ಏನ್ಲೇ, ನಾಳಿ ಕಾಲೇಜಿಗೆ ಬರ್ತಿಯಿಲ್ಲೋ?”

“ಬರ್ತೀನಿ. ನೀ ಕಾಯ್ಕೋಂತ ನಿಂದ್ರು.” ನನ್ನದೇ ದನಿ, ನನ್ನದೇ ನಗು.

ಚಾಚಿ ನನ್ನ ಬಾಯನ್ನೇ ನೋಡಿದಳು. ನನ್ನ ಬಾಯಿ ಮುಚ್ಚಿತ್ತು.

“ಯಾರ ಜೋಡಿ ಮಾತಾಡಾಕತ್ತಾಳ?”

“ನನ್ನ ಜೋಡಿ, ಚಾಚಿ.”

ಅವಳು ಎದ್ದು ಮನೆಗೆ ಹೋಗಿ ಟಿವಿ ಆರಿಸಿದಳು. ಬಳಿಕ ಓಣಿಯ ಒಂದೊಂದೇ ಬಾಗಿಲಲ್ಲಿ ನಿಂತು, “ನನ್ ಮಗಳು ಹೋಗ್ಯಾಳ್ರಿ, ಬಂದ್ ಮಾಡ್ರಿ,” ಎಂದು ಕೇಳಿಕೊಂಡಳು. ಮನೆ ಮನೆಯಲ್ಲೂ ದನಿ ನಿಂತಿತು. ಎಲ್ಲೋ ಓಣಿಯ ಕೊನೆಯಲ್ಲಿ ಮಾತ್ರ ನನ್ನ ಗೆಳತಿ ಇನ್ನೂ ನಗುತ್ತಿದ್ದಳು. ಚಾಚಾ ಬಾಗಿಲಲ್ಲಿ ನಿಂತು ಹೆಂಡತಿಯನ್ನು ನೋಡಿದ. ಚಪ್ಪಲಿ ಮೆಟ್ಟಿ ತಾನೇ ಕೇಬಲ್ ಅಂಗಡಿಗೆ ಹೋದ. ಮರುದಿನದಿಂದ ಬರೀ ಹಾಡು, ಮಾತಿಲ್ಲ.

ಈಗ ನಾನಿರುವುದು ಮುಂಡರಗಿಯಲ್ಲಿ. ತವರಿಗೆ ಹೋದಾಗಲೆಲ್ಲ ಚಾಚಿ ಹತ್ತಿರ ಕೂಡಿಸಿಕೊಂಡು, “ಅವತ್ತ ಆಕಿ ಏನ್ ಕೇಳಿದ್ಳು? ನೀ ಏನಂದಿ?” ಎನ್ನುತ್ತಾಳೆ. ಹೇಳುತ್ತೇನೆ. ನನ್ನ ಮಾತಷ್ಟೇ ಅಲ್ಲ, ಅವಳದ್ದೂ ಅವಳ ಹಾಗೆಯೇ ಹೇಳಬೇಕು. ಹೇಳುವಾಗ ದನಿ ನನ್ನದಾಗಿ ಉಳಿಯುವುದಿಲ್ಲ. ಚಾಚಿ ಕಣ್ಣು ಮುಚ್ಚಿ ಕೇಳುತ್ತಾಳೆ.