ಹಲ್ಲುನೋವಿಗೆ ನಾನೇ ಗ್ಯಾರಂಟಿ

ಯಾವ ರೋಗಕ್ಕೆ ಯಾವ ಡಾಕ್ಟರು ಎಂದು ನನ್ನನ್ನು ಕೇಳದೆ ನಮ್ಮ ಹತ್ತಿ ಪೇಟೆಯಲ್ಲಿ ಯಾರೂ ಕೆಮ್ಮುವುದೂ ಇಲ್ಲ. ಹುಬ್ಬಳ್ಳಿಯ ಅರ್ಧ ಡಾಕ್ಟರುಗಳಿಗೆ ಪೇಶಂಟುಗಳನ್ನು ಹಂಚಿದವನು ನಾನು.

ಅವತ್ತು ನಮ್ಮ ಅಂಗಡಿಯ ಹಮಾಲ ಚನ್ನಪ್ಪ ಹತ್ತಿಯ ಮೂಟೆ ಇಳಿಸಿ, ದವಡೆ ಹಿಡಿದುಕೊಂಡು ಕುಂತುಬಿಟ್ಟ. ಮೈಯೆಲ್ಲ ಬೆವರು.

"ಹಲ್ಲು!" ನಾನು ತೀರ್ಪು ಕೊಟ್ಟೆ.

"ಸಾವಕಾರ್ರ, ಎಡಗೈನೂ ಸೆಳಿಯಾಕತ್ತೈತ್ರಿ."

"ಹಲ್ಲಿನ ಬೇರು ಅಲ್ಲೀತನಕ ಹೋಗಿರ್ತಾವ. ಸುಮ್ನ ಏಳು!"

ಸ್ಕೂಟರಿನ ಹಿಂದೆ ಕೂರಿಸಿಕೊಂಡು, ನಮ್ಮ ಪರಿಚಯದ ಹಲ್ಲಿನ ಡಾಕ್ಟರಮ್ಮನ ಕಡೆ ಹಾರಿಸಿದೆ.

ಆಕೆ ಅವನ ಬಾಯಿ ತೆರೆಸಲೇ ಇಲ್ಲ. ನಾಡಿ ಹಿಡಿದಳು, 108ಕ್ಕೆ ಫೋನ್ ಮಾಡಿದಳು, ಒಂದು ಗುಳಿಗೆ ಅಗಿಯಲು ಕೊಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

"ಕಾಕಾ, ಇದು ಹಾರ್ಟ್ ಅಟ್ಯಾಕ್ ಇದ್ದಂಗ ಐತಿ. ಇಂಥಾವ್ರನ್ನ ಗಾಡಿ ಮ್ಯಾಲ ಹೇರ್ಕೊಂಡು ತಿರಗ್ತೀರೇನ್ರಿ? ಅಂಗಡ್ಯಾಗಿಂದನ 108ಕ್ಕ ಫೋನ್ ಮಾಡಾಕ ಏನಾಗಿತ್ತು?"

"ನೀವು ನಮ್ಮ ಪರಿಚಯದವ್ರು ಅಂತ..."

"ಅವ್ರ ಎದಿಗೆ ನನ್ನ ಪರಿಚಯ ಇಲ್ರಿ!"

ನನಗೆ ಸಿಟ್ಟು ನೆತ್ತಿಗೇರಿತು. ಇಡೀ ಪೇಟೆಗೆ ಬುದ್ಧಿ ಹೇಳುವವನಿಗೆ ನಿನ್ನೆ ಮೊನ್ನೆ ಬೋರ್ಡು ಹಾಕಿದ ಹುಡುಗಿ ಬೈಯುವುದೆ? ಆದರೆ ಆಂಬುಲೆನ್ಸಿನಲ್ಲಿ ಚನ್ನಪ್ಪ ನನ್ನ ಕೈ ಬಿಗಿಯಾಗಿ ಹಿಡಿದಾಗ ಆ ಸಿಟ್ಟು ತಿರುಗಿ ನನ್ನ ಮೇಲೇ ಬಂತು. ಎಡಗೈ ಅಂತ ಬಾಯಿಬಿಟ್ಟು ಹೇಳಿದ್ದನಲ್ಲ! ಗದರಿಸಿ ಸುಮ್ಮನಾಗಿಸಿದ್ದು ನಾನು. ಇವತ್ತಿಗೂ ನೆನಪಾದರೆ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಚನ್ನಪ್ಪ ಉಳಿದುಕೊಂಡ. ಮೊನ್ನೆ ಅವನಿಗೆ ಖರೇನೇ ಹಲ್ಲುನೋವು ಬಂದಿತ್ತಂತೆ. ಬಾಯಿಗೆ ಟವೆಲ್ ಅಡ್ಡ ಹಿಡಿದು, ನನ್ನ ಕಣ್ಣಿಗೆ ಬೀಳದ ಹಾಗೆ ಅಂಗಡಿಯ ಹಿತ್ತಲ ಬಾಗಿಲಿನಿಂದ ಅದೇ ಡಾಕ್ಟರಮ್ಮನ ದವಾಖಾನೆಗೆ ಹೋಗಿಬಂದಿದ್ದಾನೆ.