ಮಹಾತ್ಮರ ದಿನ ಹುಟ್ಟಿದ ಏಳು ಮಕ್ಕಳು

ನಮ್ಮ ಮನೆಗೆ ಬರುವ ಪತ್ರಿಕೆಯ ಒಳಪುಟದಲ್ಲಿ ಒಂದು ಸಣ್ಣ ಚೌಕವಿರುತ್ತದೆ. ಇಂದು ಹುಟ್ಟಿದ ಗಣ್ಯರು ಯಾರ್ಯಾರು ಎಂಬ ಪಟ್ಟಿ ಅದರಲ್ಲಿ. ಯಾವುದೋ ದೇಶದ ದೊರೆ, ಇನ್ಯಾವುದೋ ದೇಶದ ಅಧ್ಯಕ್ಷ, ನಮ್ಮ ಕಡೆಯ ಒಬ್ಬ ಮಂತ್ರಿ, ಇವರೆಲ್ಲ ನೂರಾರು ವರ್ಷಗಳ ಅಂತರದಲ್ಲಿ ಒಂದೇ ತಾರೀಕು ಹಿಡಿದು ಹುಟ್ಟಿ, ಆ ಚೌಕದಲ್ಲಿ ಒತ್ತೊತ್ತಾಗಿ ಕುಳಿತಿರುತ್ತಾರೆ. ಸಾಗರದ ನಮ್ಮ ಮನೆಯ ಜಗಲಿಯಲ್ಲಿ ಕಾಫಿ ಕುಡಿಯುತ್ತ ನಾನು ಮೊದಲು ಓದುವುದು ಅದನ್ನೇ. ಮುಖ್ಯಸುದ್ದಿ ಆಮೇಲೆ. ಎಪ್ಪತ್ತು ದಾಟಿದ ನಿವೃತ್ತ ಮೇಷ್ಟರಮ್ಮನಿಗೆ ಇಂಥ ಹುಚ್ಚು ಯಾಕೆ ಎಂದು ನೀವು ಕೇಳಬಹುದು. ಕಾರಣ ಇದೆ. ನಾನೂ ಮೂರು ವರ್ಷ ಅಂಥ ದೊಡ್ಡವರ ಸಾಲಿನಲ್ಲಿದ್ದವಳು. ಮಹಾತ್ಮರು ಹುಟ್ಟಿದ ದಿನವೇ ನಾನೂ ಹುಟ್ಟಿದ್ದೆ, ಸರ್ಕಾರಿ ದಾಖಲೆಯ ಪ್ರಕಾರ.

ಶರಾವತಿಗೆ ಅಣೆಕಟ್ಟು ಕಟ್ಟಿ ನಮ್ಮ ಊರು ಮುಳುಗುತ್ತದೆ ಎಂದಾದಾಗ ಸಾಗರ ಸೀಮೆಯ ಗೇಣಿದಾರರಾದ ನಾವು ಹತ್ತಿಪ್ಪತ್ತು ಮನೆಯವರು ಹೊಸನಗರ ದಾಟಿ ತೀರ್ಥಹಳ್ಳಿಯ ಕಡೆ ಹೋಗುವ ದಾರಿಯಲ್ಲಿ ಬಂದು ಬಿಡಾರ ಹಾಕಿದೆವು. ಅಪ್ಪ ಅಷ್ಟರಲ್ಲೇ ತೀರಿಕೊಂಡಿದ್ದ. ಅವ್ವ ಹೂವಮ್ಮ, ಅವಳ ತಂಗಿಯಾದ ನನ್ನ ಚಿಕ್ಕಮ್ಮ, ಚಿಕ್ಕಮ್ಮನ ಮಗಳು ಗಿರಿಜ, ಎಲ್ಲರೂ ಒಂದೇ ಗಾಡಿಯಲ್ಲಿ ಬಂದಿದ್ದೆವು. ಒರಳುಕಲ್ಲು ಬಂತು, ನೇಗಿಲು ಬಂತು, ಮುದಿ ಎತ್ತು ಕೂಡ ಬಂತು. ನಾವು ಓದುತ್ತಿದ್ದ ಹಳೆಯ ಶಾಲೆಯ ಕಾಗದಪತ್ರ ಮಾತ್ರ ಬರಲಿಲ್ಲ. ಅದು ಎಲ್ಲಿಗೆ ಹೋಯಿತೋ ಇವತ್ತಿಗೂ ಯಾರಿಗೂ ತಿಳಿಯದು.

ಆ ಜೂನಿನಲ್ಲಿ ಹೊಸ ಊರಿನ ಶಾಲೆಯ ಮೇಷ್ಟ್ರ ಮುಂದೆ ನಾವು ಏಳು ಮಕ್ಕಳು ಸಾಲಾಗಿ ನಿಂತೆವು. ಖಾದಿ ಜುಬ್ಬ, ಬಿಳಿಯ ಟೋಪಿ, ಸಣಕಲು ಮೈ. ಮೇಷ್ಟ್ರು ಚಳವಳಿಯಲ್ಲಿ ಜೈಲಿಗೆ ಹೋಗಿಬಂದವರೆಂದು ಊರವರು ಹೇಳುತ್ತಿದ್ದರು. ಕರಿಹಲಗೆಯ ಮೇಲೆ ಬರೆದದ್ದನ್ನು ಏಳೂ ಜನ ಓದಿದೆವು. ಅಷ್ಟಕ್ಕೇ ಏಳೂ ಜನರನ್ನು ಐದನೇ ತರಗತಿಗೆ ಸೇರಿಸಿದರು. ಆಮೇಲೆ ಹುಟ್ಟಿದ ತಾರೀಕಿನ ಕಾಲಮ್ಮು ಬಂತು. ಒಬ್ಬರಿಗೂ ಗೊತ್ತಿರಲಿಲ್ಲ. ದೊಡ್ಡವರೆಲ್ಲ ಗುಡಿಸಲು ಹೊದಿಸುವ ಕೆಲಸದಲ್ಲಿದ್ದರು, ಕೇಳಲು ಯಾರೂ ಇರಲಿಲ್ಲ. ಬೇರೆ ಮೇಷ್ಟ್ರಾಗಿದ್ದರೆ ಎಲ್ಲರಿಗೂ ಜೂನ್ ಒಂದು ಎಂದು ಬರೆದು ಮುಗಿಸುತ್ತಿದ್ದರು. ನಮ್ಮ ದೇಶದಲ್ಲಿ ಜೂನ್ ಒಂದರಂದು ಹುಟ್ಟಿದವರು ಎಷ್ಟು ಜನವೋ ದೇವರಿಗೇ ಗೊತ್ತು. ನಮ್ಮ ಮೇಷ್ಟ್ರು ಮಾತ್ರ ಪೆನ್ನು ಎತ್ತಿ ಹಿಡಿದು ಸ್ವಲ್ಪ ಹೊತ್ತು ಗೋಡೆಯ ಮೇಲಿನ ಮಹಾತ್ಮರ ಪಟ ನೋಡಿದರು.

"ಊರು ಕಳ್ಕೊಂಡು ಬಂದಿದೀರಿ. ಒಂದು ಒಳ್ಳೆ ದಿನನಾದ್ರೂ ನಿಮಗೆ ಸಿಗ್ಲಿ," ಎಂದು ಏಳು ಜನರಿಗೂ ಅಕ್ಟೋಬರ್ ಎರಡು ಎಂದು ಬರೆದುಬಿಟ್ಟರು. ವರ್ಷವೂ ಒಂದೇ.

ಅಲ್ಲಿಂದ ಮುಂದೆ ನಮ್ಮ ಜಂಬ ಕೇಳಬೇಡಿ. ಊರಿನ ಮಕ್ಕಳು ನಮ್ಮನ್ನು ಮುಳುಗಡೆಯವರು ಎಂದು ಕರೆಯುತ್ತಿದ್ದರು. ಆಟಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ. ಅಕ್ಟೋಬರ್ ಎರಡು ಬಂದಾಗ ಮೇಷ್ಟ್ರು ನಮ್ಮ ಏಳು ಜನರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಕೈಗೆ ಒಂದೊಂದು ದಾಸವಾಳ ಕೊಟ್ಟು, "ಇವತ್ತು ಇವರ ಹುಟ್ಟುಹಬ್ಬವೂ ಹೌದು" ಎಂದರು. ಊರಿನ ಮಕ್ಕಳ ಬಾಯಿ ಕಟ್ಟಿತು. ಮರುವರ್ಷ ಇನ್ನೊಂದು ಸೋಜಿಗ. ಆಗ ದೆಹಲಿಯಲ್ಲಿ ಹೊಸದಾಗಿ ಪ್ರಧಾನಿಯಾಗಿದ್ದ ಕುಳ್ಳಗಿನ, ಮೆತ್ತನೆ ಮಾತಿನ ಮನುಷ್ಯರು ಹುಟ್ಟಿದ್ದೂ ಅದೇ ದಿನವಂತೆ! ಮೇಷ್ಟ್ರು ಹೇಳಿದಾಗ ಗಿರಿಜ ಬೆರಳು ಮಡಚಿ ಎಣಿಸಿದಳು: "ನಾವು ಏಳು, ಅವರಿಬ್ಬರು. ಒಟ್ಟು ಒಂಬತ್ತು ಜನ ಆದ್ವಿ ಕಣೇ."

ಆ ಒಂಬತ್ತರ ಲೆಕ್ಕವನ್ನು ನಾವು ಬಹಳ ನಿಷ್ಠೆಯಿಂದ ನಡೆಸಿಕೊಂಡು ಬಂದೆವು. ದೇಶದಲ್ಲಿ ಅಕ್ಕಿಗೆ ಬರ ಬಂದು, ವಾರಕ್ಕೊಂದು ಹೊತ್ತು ಊಟ ಬಿಡಿ ಎಂದು ಪ್ರಧಾನಿ ಕೇಳಿಕೊಂಡಾಗ ನಾನು ಅವ್ವನ ಮುಂದೆ ನಿಂತು, ಸೋಮವಾರ ಸಂಜೆ ಉಣ್ಣುವುದಿಲ್ಲ ಎಂದು ಘೋಷಿಸಿದೆ. ಅವ್ವ ನಕ್ಕಳು. "ಮಂಗಳವಾರದ್ದು, ಬುಧವಾರದ್ದು ಆ ಪುಣ್ಯಾತ್ಮ ಕೇಳ್ದೇನೇ ನಾವು ಬಿಟ್ಟಾಗಿದೆ ಮಗಾ. ಸೋಮವಾರದ್ದೂ ಕೊಡು, ಹೋಗ್ಲಿ," ಎಂದಳು. ಮರುವರ್ಷ ಜನವರಿಯಲ್ಲಿ ಅವರು ಪರದೇಶದಲ್ಲಿ ತೀರಿಕೊಂಡ ಸುದ್ದಿ ಬಂದಾಗ, ನಮ್ಮ ಏಳು ಜನರಲ್ಲಿ ಒಬ್ಬನಾದ ಚೌಡಪ್ಪ ನಮಗೆಲ್ಲ ಸೂತಕ ಬಂತೆಂದು ತೀರ್ಮಾನಿಸಿದ. ಮೂರು ದಿನ ಏಳು ಜನರೂ ತಲೆ ಬಾಚಿಕೊಳ್ಳದೆ ಶಾಲೆಗೆ ಹೋದೆವು. ಮೇಷ್ಟ್ರು ನೋಡಿ ಕಣ್ಣೊರೆಸಿಕೊಂಡರು.

ಅದಾಗಿ ತಿಂಗಳೊಳಗೆ ತೊಂದರೆ ಶುರುವಾಯಿತು. ಆಗ ಏಳನೇ ತರಗತಿಗೆ ಪಬ್ಲಿಕ್ ಪರೀಕ್ಷೆ. ಹೆಸರು, ಹುಟ್ಟಿದ ತಾರೀಕು ಬರೆದ ಪಟ್ಟಿ ಮೇಲಿನ ಕಚೇರಿಗೆ ಹೋಗಬೇಕು. ಪಟ್ಟಿ ಹೋಯಿತು. ಹೋದದ್ದೇ ತಡ, ಏಳು ಜನರಿಗೂ ಒಂದೇ ತಾರೀಕು ಹೇಗೆಂದು ಶಾಲೆಗಳ ಇನ್ಸ್‌ಪೆಕ್ಟರೇ ವಿಚಾರಣೆಗೆ ಬರುತ್ತಾರೆಂದು ಕಾಗದ ಬಂತು. ಸುಳ್ಳು ತಾರೀಕು ಬರೆದದ್ದು ಸಾಬೀತಾದರೆ ಮೇಷ್ಟ್ರ ಕೆಲಸ ಹೋಗುತ್ತದೆ, ಮಕ್ಕಳನ್ನು ಪರೀಕ್ಷೆಗೆ ಕೂರಿಸುವುದಿಲ್ಲ. ಆ ಕಾಲದಲ್ಲಿ ಏಳನೆಯದು ಪಾಸಾದವರಿಗೆ ಮೇಷ್ಟ್ರ ಕೆಲಸವೋ ದಾದಿಯ ಕೆಲಸವೋ ಕಲಿಯಲು ಒಂದು ದಾರಿ ಇತ್ತು. ಇಲ್ಲದವರಿಗೆ ಇನ್ನೊಬ್ಬರ ಗದ್ದೆಯ ಕೆಸರು. ಇದು ನನಗಿಂತ ಚೆನ್ನಾಗಿ ಅವ್ವನಿಗೆ ಗೊತ್ತಿತ್ತು.

ಮೇಷ್ಟ್ರು ಪಾಪ, ನಮ್ಮ ಬಿಡಾರಕ್ಕೇ ಬಂದರು. ಮುಖ ಬಿಳಿಚಿಕೊಂಡಿತ್ತು. ತಾಯಂದಿರನ್ನೆಲ್ಲ ಒಂದೆಡೆ ಸೇರಿಸಿ, "ಸಾಹೇಬ್ರು ಕೇಳಿದ್ರೆ ಅಕ್ಟೋಬರ್ ಎರಡು ಅನ್ನಿ. ಅಷ್ಟೇ ಸಾಕು. ಬೇರೆ ಮಾತು ಬೇಡ," ಎಂದು ಹೇಳಿಕೊಟ್ಟು ಹೋದರು. ಮೂರು ದಿನ ನಮ್ಮ ಬಿಡಾರದಲ್ಲಿ ಅಕ್ಕಿ ಕೇರುವಾಗ, ನೀರು ಸೇದುವಾಗ, "ಅಟ್ಟೋಬರ್ ಎರಡು, ಅಟ್ಟೋಬರ್ ಎರಡು" ಎಂಬ ಜಪ. ಅವ್ವ ಮಾತ್ರ ಜಪ ಮಾಡಲಿಲ್ಲ. ಅವಳಿಗೆ ಒಂದೇ ಸಲಕ್ಕೆ ಬಾಯಿಪಾಠ ಬಂದಿದೆ ಎಂದು ನಾನು ಹೆಮ್ಮೆಪಟ್ಟುಕೊಂಡಿದ್ದೆ.

ಇನ್ಸ್‌ಪೆಕ್ಟರು ಜೀಪಿನಲ್ಲಿ ಬಂದರು. ದಪ್ಪ ಕನ್ನಡಕ, ಕರಿ ಕೋಟು. ಶಾಲೆಯ ಏಕೈಕ ಕುರ್ಚಿಯಲ್ಲಿ ಕುಳಿತು ದಾಖಲಾತಿ ಪುಸ್ತಕ ಬಿಡಿಸಿದರು. ನಾವು ಏಳು ಜನ ಗೋಡೆಗೊರಗಿ ನಿಂತಿದ್ದೆವು. ತಾಯಂದಿರು ಹೊಸಿಲಾಚೆ ನಿಂತಿದ್ದರು. ಯಾರೂ ಅದುವರೆಗೆ ಶಾಲೆಯ ಒಳಗೆ ಕಾಲಿಟ್ಟವರಲ್ಲ.

"ಒಂದೇ ಊರಲ್ಲಿ ಒಂದೇ ದಿನ ಏಳು ಹೆರಿಗೆ. ಸೂಲಗಿತ್ತಿ ಎಷ್ಟು ಜನ ಇದ್ರಿ?" ಎಂದು ಇನ್ಸ್‌ಪೆಕ್ಟರು ಕೇಳಿದರು.

ಮೊದಲು ಚಿಕ್ಕಮ್ಮನನ್ನು ಕರೆದರು. "ಅಟ್ಟೋಬರ್ ಎರಡು," ಎಂದಳು ಅವಳು, ಪ್ರಶ್ನೆ ಕೇಳುವ ಮೊದಲೇ. ಎರಡನೆಯವಳೂ ಹಾಗೇ. ಮೂರನೆಯವಳು ಗಾಬರಿಯಲ್ಲಿ "ಆಗಸ್ಟ್ ಹದಿನೈದು" ಎಂದುಬಿಟ್ಟಳು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ನಾಲ್ಕು, ಐದು, ಆರು, ಎಲ್ಲ ಅದೇ ಪಾಠ. ಒಬ್ಬೊಬ್ಬರು ಹೇಳಿದಂತೆಲ್ಲ ಇನ್ಸ್‌ಪೆಕ್ಟರ ಮುಖ ಕೆಂಪಾಗುತ್ತ ಹೋಯಿತು. ಕಡೆಗೆ ಅವ್ವ ಒಳಗೆ ಬಂದಳು. ಸೆರಗು ಹೊದ್ದು, ಕೈ ಕಟ್ಟಿ ನಿಂತಳು.

"ನಿಮ್ದೂ ಅಕ್ಟೋಬರ್ ಎರಡೇ ಏನಮ್ಮ?"

"ಅಲ್ಲ ಸ್ವಾಮಿ," ಎಂದಳು ಅವ್ವ. "ಇವ್ಳು ಹುಟ್ಟಿದ್ದು ಅವತ್ತಲ್ಲ."

ಗಿರಿಜ ನನ್ನ ಕೈ ಚಿವುಟಿದಳು. ಮೇಷ್ಟ್ರು ಗೋಡೆ ಹಿಡಿದುಕೊಂಡರು.

"ಮತ್ತೆ ಯಾಕೆ ಹಾಗೆ ಬರೆಸಿದ್ರಿ?"

"ನಾವು ಬರ್ಸಿಲ್ಲ. ಕೇಳಕ್ಕೆ ಮೇಷ್ಟ್ರಿಗೆ ನಾವು ಯಾರೂ ಸಿಕ್ಲಿಲ್ಲ. ದಿಕ್ಕಿಲ್ದೆ ಬಂದ ಮಕ್ಳು, ಒಳ್ಳೇ ದಿನ ಇರ್ಲಿ ಅಂತ ಬರ್ದ್ರು. ಅವ್ರ ಮನಸ್ನಲ್ಲಿ ಕೆಟ್ಟದ್ದಿಲ್ಲ ಸ್ವಾಮಿ. ಆದ್ರೆ ಆ ಮಹಾತ್ಮ ನಿಜ ಹೇಳಿ ಅಂತ ಹೇಳ್ಕೊಂಡೇ ಸತ್ತೋರಂತೆ. ಅವ್ರ ದಿನಾನ ಸುಳ್ಳು ಹೇಳಿ ಇಟ್ಕಳಕ್ಕೆ ಆಗ್ತದಾ?"

ಇನ್ಸ್‌ಪೆಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹಾಗಾದ್ರೆ ಯಾವತ್ತು ಹುಟ್ಟಿದ್ದು? ನಿಮಗೆ ಗೊತ್ತಾ?"

"ಹೆತ್ತೋಳಿಗೆ ಗೊತ್ತಿರಲ್ವಾ?" ಎಂದಳು ಅವ್ವ, ಈ ಸಲ ಸ್ವಲ್ಪ ಜೋರಾಗಿ. "ಆರಿದ್ರಾ ಮಳೆ ಹುಟ್ಟಿ ಏಳನೇ ದಿನ. ಅಗೆ ಕೀಳ್ತಾ ಇದ್ದೆ, ನಾಟಿಗೆ. ನೋವು ಬಂತು ಅಂತ ಬದುವಿನ ಮೇಲೆ ಕೂತೆ. ಮನೆ ಮುಟ್ಟೋ ಹೊತ್ತಿಗೆ ಇವ್ಳು ಅತ್ತಾಗಿತ್ತು."

"ವರ್ಷ?"

"ಮೊದಲ್ನೇ ಸಲ ಓಟು ಹಾಕಿದ್ವಲ್ಲ, ಅದ್ರ ಮುಂದಿನ ಮಳೆಗಾಲ ಅಲ್ಲ, ಅದ್ರಾಚೆದು. ಓಟು ಹಾಕಿ ಬರೋವಾಗ ಬೆರಳಿಗೆ ಮಸಿ ಹಚ್ಚಿದ್ರು. ನಮ್ಮತ್ತೆ ಅದನ್ನ ಬೂದಿ ಹಾಕಿ ತಿಕ್ಕಿದ್ರು, ಹೋಗ್ಲಿಲ್ಲ."

ಇನ್ಸ್‌ಪೆಕ್ಟರು ಎದ್ದು ಹೋಗಿ ಗೋಡೆಗೆ ತೂಗುಹಾಕಿದ್ದ ಪಂಚಾಂಗ ತಂದರು. ಅವರೂ ಹೊಲಗದ್ದೆಯ ಮನೆಯಿಂದ ಬಂದವರೇ ಇರಬೇಕು, ಮಳೆ ನಕ್ಷತ್ರದ ಲೆಕ್ಕ ಅವರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಬೆರಳ ಗೆಣ್ಣು ಎಣಿಸಿ, ಜೂನ್ ಕೊನೆಯ ವಾರದ ಒಂದು ತಾರೀಕನ್ನು ಕಾಗದದ ಮೇಲೆ ಬರೆದುಕೊಂಡರು. ಬರೆದು, ಹೊಸಿಲಾಚೆ ನಿಂತಿದ್ದ ಉಳಿದವರನ್ನು ನೋಡಿ, "ನಿಮಗೂ ಹೀಗೇ ಗೊತ್ತಿದೆಯಾ?" ಎಂದು ಕೇಳಿದರು.

ಕಟ್ಟೆ ಒಡೆದಂತಾಯಿತು. "ನಂದು ಸ್ವಾತಿ ಮಳೆ ಸ್ವಾಮಿ, ಬತ್ತ ಕೊಯ್ಯೋ ಹೊತ್ತು," ಎಂದು ಚಿಕ್ಕಮ್ಮ ಒಳಗೆ ನುಗ್ಗಿದಳು. ಮೊದಲು ಹೇಳಿದ ಸುಳ್ಳಿಗೆ ನಾಲಿಗೆ ಕಚ್ಚಿಕೊಂಡು ಕ್ಷಮೆಯನ್ನೂ ಕೇಳಿದಳು. ಚೌಡಪ್ಪ ಹುಟ್ಟಿದ್ದು ಯುಗಾದಿಯ ಹಿಂದಿನ ದಿನ. ಆಗಸ್ಟ್ ಹದಿನೈದು ಎಂದವಳ ಮಗಳು ಹುಟ್ಟಿದ್ದು ಮಾತ್ರ ನಿಜಕ್ಕೂ ಆಗಸ್ಟಿನಲ್ಲೇ, ಮಘಾ ಮಳೆಯಲ್ಲಿ! ಒಬ್ಬೊಬ್ಬ ತಾಯಿಯೂ ತನ್ನ ಹೆರಿಗೆಯ ಕತೆ ಹೇಳುವಾಗ ಆ ಕರಿ ಕೋಟಿನ ಮನುಷ್ಯರು ಮಧ್ಯೆ ಬಾಯಿ ಹಾಕದೆ ಬರೆದುಕೊಂಡರು. ಮಧ್ಯಾಹ್ನ ದಾಟಿತು. ಏಳು ತಾಯಂದಿರ ಹೇಳಿಕೆಗೂ ಹೆಬ್ಬೆಟ್ಟು ಒತ್ತಿಸಿಕೊಂಡರು. ಅವ್ವ ಅದಕ್ಕೆ ಮೊದಲು ಒಂದೇ ಸಲ ಹೆಬ್ಬೆಟ್ಟು ಒತ್ತಿದ್ದಳು, ಊರು ಬಿಡಲು ಒಪ್ಪಿದ್ದೇವೆ ಎಂಬ ಕಾಗದಕ್ಕೆ.

ಹೊರಡುವಾಗ ಇನ್ಸ್‌ಪೆಕ್ಟರು ಮೇಷ್ಟ್ರಿಗೆ, "ಇನ್ನೊಂದು ಸಲ ಹೀಗಾದ್ರೆ ನಾನು ಉಳಿಸೋದಿಲ್ಲ. ಇವತ್ತು ಉಳಿಸಿದ್ದೂ ನಾನಲ್ಲ," ಎಂದರು. ಅವ್ವನ ಕಡೆ ತಿರುಗಿ ಕೈ ಮುಗಿದರು. ಅವ್ವನಿಗೆ ಕೋಟು ಹಾಕಿದವರೊಬ್ಬರು ಕೈ ಮುಗಿದದ್ದು ಅದೇ ಮೊದಲು. ಏನು ಮಾಡಬೇಕೆಂದು ತಿಳಿಯದೆ ಅವಳು ಸೆರಗಿನಿಂದ ಮೇಜು ಒರೆಸಿಬಿಟ್ಟಳು.

ನನಗೆ ಮಾತ್ರ ಅವತ್ತು ಹೆಮ್ಮೆಯಾಗಲಿಲ್ಲ. ಸುಳ್ಳೇಕೆ ಹೇಳಲಿ, ಎರಡು ದಿನ ಅವ್ವನ ಹತ್ತಿರ ಮಾತು ಬಿಟ್ಟಿದ್ದೆ. ಮಹಾತ್ಮರು, ಪ್ರಧಾನಿ, ದಾಸವಾಳ, ಮುಂದಿನ ಸಾಲು ಎಲ್ಲ ಒಂದೇ ಮಾತಿಗೆ ಹೋಗಿತ್ತು. ಮೂಲೆಯಲ್ಲಿ ಕುಳಿತಿದ್ದ ನನ್ನನ್ನು ಮೇಷ್ಟ್ರು ಕರೆದರು. "ನಿಮ್ಮ ಸಾಗರ ಸೀಮೆಯ ಕೆಳದಿ ರಾಣಿ ಇದಾಳಲ್ಲ, ದೆಹಲಿಯ ಬಾದಶಹನ ಸೈನ್ಯಕ್ಕೂ ಹೆದರದವಳು, ಅವಳು ಯಾವತ್ತು ಹುಟ್ಟಿದಳು ಅಂತ ನನ್ನ ಯಾವ ಪುಸ್ತಕದಲ್ಲೂ ಇಲ್ಲ. ಅವಳ ತಾಯಿಯನ್ನು ಯಾರೂ ಕೇಳಿಟ್ಟುಕೊಳ್ಳಲಿಲ್ಲ. ನಿಂದನ್ನ ನಿಮ್ಮವ್ವ ಸರ್ಕಾರದ ಎದುರು ನಿಂತು ಹೇಳಿದಾಳೆ. ಯಾರ ದಿನ ದೊಡ್ಡದು?" ಎಂದರು. ಆಗ ನನಗೆ ಅರ್ಥವಾಗಿದ್ದು ಅರ್ಧವೇ. ಏಳು ಜನರೂ ಪರೀಕ್ಷೆಗೆ ಕೂತೆವು, ಆರು ಜನ ಪಾಸಾದೆವು. ಚೌಡಪ್ಪ ಗಣಿತದಲ್ಲಿ ಹೋದ. ಒಂಬತ್ತು ಜನರ ಲೆಕ್ಕ ಅವನಿಗೆ ಮೊದಲಿನಿಂದಲೂ ಸರಿಹೋಗಿರಲಿಲ್ಲ.

ನಾನು ಮೇಷ್ಟರಮ್ಮನಾದೆ. ಮೂವತ್ತು ವರ್ಷಕ್ಕೂ ಮೇಲೆ ಹಳ್ಳಿ ಶಾಲೆಗಳಲ್ಲಿ ಮಕ್ಕಳನ್ನು ಸೇರಿಸಿಕೊಂಡೆ. ತಾರೀಕು ಗೊತ್ತಿಲ್ಲ ಎಂದ ತಾಯಂದಿರನ್ನು, ಯಾವ ಮಳೆಯಲ್ಲಿ, ಏನು ಮಾಡುತ್ತಿದ್ದಿರಿ ಎಂದು ಕೂರಿಸಿ ಕೇಳಿದೆ. ಗೊತ್ತಿಲ್ಲದ ತಾಯಿ ಒಬ್ಬಳೂ ಸಿಗಲಿಲ್ಲ.

ಮೊನ್ನೆ ಬೆಳಿಗ್ಗೆ ಹೀಗೇ ಪತ್ರಿಕೆ ಹಿಡಿದು ಕುಳಿತಿದ್ದಾಗ, ಅವ್ವ ಹುಟ್ಟಿದ ದಿನ ಯಾವುದು ಎಂದು ಫಕ್ಕನೆ ಅನ್ನಿಸಿತು. ಊರಿನ ಮಕ್ಕಳದ್ದೆಲ್ಲ ಕೇಳಿದವಳು ಅದೊಂದನ್ನು ಕೇಳಿರಲಿಲ್ಲ. ಅವ್ವ ಹೋಗಿ ಇಪ್ಪತ್ತು ವರ್ಷ. ಬಸ್ಸು ಹತ್ತಿ ತೀರ್ಥಹಳ್ಳಿಗೆ ಹೋದೆ. ಚಿಕ್ಕಮ್ಮ ಈಗ ಅಲ್ಲಿ ಗಿರಿಜಳ ಮನೆಯಲ್ಲಿದ್ದಾಳೆ. ತೊಂಬತ್ತು ದಾಟಿದೆ. ಕಿವಿ ಸ್ವಲ್ಪ ಮಂದ, ನಾಲಿಗೆ ಚುರುಕು.

"ಅಕ್ಕ ನಂಗಿಂತ ದೊಡ್ಡೋಳು ಮಾರಾಯ್ತಿ. ಅವ್ಳು ಹುಟ್ಟಿದ್ದು ನಾನೆಂತ ನೋಡಿದ್ನಾ?" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, ನನ್ನ ಮೊಣಕಾಲಿನ ಮೇಲೆ ಕೈಯಿಟ್ಟಳು.

"ಇನ್ಸ್‌ಪೆಕ್ಟ್ರು ಬಂದಿದ್ರಲ್ಲ, ಅವತ್ತು ಬೆಳಿಗ್ಗೆ ನಿಮ್ಮವ್ವ ನನ್ನ ಹತ್ರ ಬಂದು ಅತ್ತಿದ್ಲು, ಗೊತ್ತುಂಟಾ ನಿಂಗೆ? ಕೈ ಗಡಗಡ ನಡುಗ್ತಿತ್ತು. ನಿಜ ಹೇಳಿದ್ರೆ ಮಗಳ ಪರೀಕ್ಷೆ ಹೋಗ್ತದೇನೋ, ಸುಳ್ಳು ಹೇಳಕ್ಕೆ ಬಾಯಿ ಬರಲ್ಲ ಅಂತ. ಮೇಷ್ಟ್ರು ಹೇಳಿದಂಗೆ ಹೇಳಿ ಮುಗ್ಸು, ನಮ್ಗೆ ಯಾಕೆ ಅಂದೆ ನಾನು. ಹೂಂ ಅಂದ್ಲು. ಹೂಂ ಅಂದೇ ಬಂದಿದ್ಲು ಶಾಲೆಗೆ."

ಇಷ್ಟು ವರ್ಷ ನಾನು ಅವ್ವನನ್ನು ಹೆದರಿಕೆಯೇ ಇಲ್ಲದವಳು ಎಂದುಕೊಂಡಿದ್ದೆ. ಶಾಲೆಯ ಮಕ್ಕಳಿಗೂ ಹಾಗೆಯೇ ಕತೆ ಹೇಳುತ್ತಿದ್ದೆ. ಕಟ್ಟಿಕೊಂಡಿದ್ದ ಆ ಕೈಗಳು ನಡುಗುತ್ತಿದ್ದವು, ಅದಕ್ಕೇ ಕಟ್ಟಿಕೊಂಡಿದ್ದಳು ಎಂಬುದು ನನಗೆ ಗೊತ್ತಿರಲಿಲ್ಲ.

"ಆಮೇಲೆ?" ಎಂದೆ.

"ಆಮೇಲೆ ಎಂತ. ಮನೆಗೆ ಬಂದು ಎರಡು ತಟ್ಟೆ ಗಂಜಿ ಉಂಡ್ಲು. ಹಿಂದಿನ ದಿನದಿಂದ ಏನೂ ತಿಂದಿರ್ಲಿಲ್ಲ."

ಚಿಕ್ಕಮ್ಮನ ಕೈ ನನ್ನ ಮೊಣಕಾಲಿನ ಮೇಲೆಯೇ ಇತ್ತು. ಗಿರಿಜ ಒಳಗಿನಿಂದ ಊಟಕ್ಕೆ ಕರೆದಳು. ನಾನು ಏಳಲಿಲ್ಲ. "ಇನ್ನೊಂದು ಸಲ ಹೇಳು ಚಿಕ್ಕಮ್ಮ, ಮೊದಲಿಂದ," ಎಂದೆ.