ತಮ್ಮನ ಹೆಸರಿನಲ್ಲಿ ಬರೆದವಳು

ರಜನಿಗೆ ಕೇಳಿಸುತ್ತಿದ್ದುದು ಬಲಗಿವಿ ಒಂದರಲ್ಲೇ. ಎಡಗಿವಿ ನರಗುಂದದ ಗಂಡನ ಮನೆಯಲ್ಲಿ ಹೋಯಿತು, ಸಾರಿಗೆ ಉಪ್ಪು ಹೆಚ್ಚಾಗಿದ್ದಕ್ಕೆ ಬಿದ್ದ ಒಂದೇ ಏಟಿಗೆ. ಅದಾದ ಮೇಲೂ ಪುಣ್ಯಾತ್ಗಿತ್ತಿ ಎರಡು ವರ್ಷ ಅಲ್ಲೇ ಬಾಳ್ವೆ ಮಾಡಿದಳು. ಗಂಡ ಇನ್ನೊಬ್ಬಳನ್ನು ಮನೆಗೇ ತಂದಿಟ್ಟುಕೊಂಡಾಗ ಒಂದು ಕೈಚೀಲ ಹಿಡಿದು, ಹುಬ್ಬಳ್ಳಿ ಬಸ್ಸು ಹತ್ತಿ, ಗೋಪನಕೊಪ್ಪದ ತವರಿಗೆ ಬಂದಳು. ಅಪ್ಪ ಗಂಗಪ್ಪ, ಅವ್ವ ಸಂಗವ್ವ, ತಮ್ಮ ಶಂಭುಲಿಂಗ, ಯಾರೂ ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಬಂದವಳು ಕಂಪ್ಯೂಟರ್ ಕಲಿತು ನವನಗರದ ಒಂದು ಇಂಟರ್ನೆಟ್ ಸೆಂಟರಿನಲ್ಲಿ ಟೈಪಿಂಗ್ ಕೆಲಸಕ್ಕೆ ಸೇರಿದಳು. ಎರಡು ಸಾವಿರದ ಏಳನೇ ಇಸವಿಯ ಹೊತ್ತಿಗೆ ಅವಳಿಗೆ ಇಪ್ಪತ್ತೊಂಬತ್ತು ವರ್ಷ.

ಆ ವರ್ಷ ಸಂಜೆ ಏಳೂವರೆಗೆ ಟಿವಿಯಲ್ಲಿ ಒಂದು ಧಾರಾವಾಹಿ ಬರುತ್ತಿತ್ತು. ಗಂಡ ಹೊರಹಾಕಿದ ಶಾರ್ವರಿ ಎಂಬವಳ ಕಥೆ. ಅವಳಿಗೆ ಆಸರೆಯಾದವನು ದಿವಾಕರ ಎಂಬ ಡ್ರಾಯಿಂಗ್ ಮಾಸ್ತರ. ಐವತ್ತು ಕಂತು ಕಳೆದ ಮೇಲೆ ಗಂಡ ಅಳುತ್ತ ವಾಪಸು ಬಂದ. ಈಗ ಶಾರ್ವರಿ ಯಾರ ಜೋಡಿಯಾಗಬೇಕು? ಆಗಿನ ಜಾಲತಾಣ ಆರ್ಕುಟ್‌ನಲ್ಲಿ ಈ ಧಾರಾವಾಹಿಯ ಅಭಿಮಾನಿಗಳದೊಂದು ಗುಂಪಿತ್ತು. ಅಲ್ಲಿ ಇದೊಂದು ಪ್ರಶ್ನೆಗೆ ದಿನಾ ಜಗಳ. ಗಂಡಸರು ಹೆಚ್ಚುಕಡಿಮೆ ಗಂಡನ ಪಕ್ಷ, ಹೆಂಗಸರು ಬಹಳ ಮಟ್ಟಿಗೆ ಮಾಸ್ತರನ ಪಕ್ಷ. ಗಂಡ ಒಂದಿಡೀ ಕಂತು ಅತ್ತಿದ್ದಾನಲ್ಲ, ಇನ್ನೇನು ಮಾಡಬೇಕು ಎಂದು ಗಂಡಸರು ಕೇಳುತ್ತಿದ್ದರು. ಅವಳು ಐವತ್ತು ಕಂತು ಅತ್ತದ್ದು ಈ ಮಹಾಶಯರ ಕಣ್ಣಿಗೆ ಬಿದ್ದಿರಲಿಲ್ಲ. ಮಾಸ್ತರ ಅವಳ ಒಗೆದ ಬಟ್ಟೆ ಒಣಹಾಕಿದ ದಿನವಂತೂ, ಇಂಥವನೂ ಒಬ್ಬ ಗಂಡಸೇ ಎಂದು ಪುಟಗಟ್ಟಲೆ ಬರೆದರು.

ರಜನಿ ಮೊದಲು ತನ್ನ ಹೆಸರಿನಲ್ಲೇ ಬರೆದಿದ್ದಳು. ಹೊಡೆಸಿಕೊಂಡವಳು ಮತ್ತೆ ಆ ಮನೆಯ ಬಾಗಿಲು ದಾಟಬೇಕಾದರೆ ಏನಾಗುತ್ತದೆ ಎಂದು ನಾಲ್ಕು ಸಾಲು, ಅಷ್ಟೇ. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಬದಲಿಗೆ ಖಾಸಗಿಯಾಗಿ ಹನ್ನೊಂದು ಜನ ಸಂದೇಶ ಕಳಿಸಿದರು. ಒಬ್ಬ ನಂಬರ್ ಕೇಳಿದ್ದ, ಒಬ್ಬ ರೇಟ್ ಕೇಳಿದ್ದ. ಅವಳು ಆ ಖಾತೆಯನ್ನೇ ಅಳಿಸಿಹಾಕಿದಳು. ತಮ್ಮನ ನೌಕರಿ ಅರ್ಜಿಗೆಂದು ಸ್ಕ್ಯಾನ್ ಮಾಡಿದ್ದ ಫೋಟೋ ಅದೇ ಕಂಪ್ಯೂಟರಿನಲ್ಲಿತ್ತು. ಅದನ್ನು ಹಾಕಿ, ಶಂಭುಲಿಂಗ ಎಂಬ ಹೆಸರಿನಲ್ಲಿ ಹೊಸ ಖಾತೆ ತೆರೆದಳು. ಅದೇ ನಾಲ್ಕು ಸಾಲುಗಳನ್ನು ಒಂದಕ್ಷರ ಬದಲಿಸದೆ ಮತ್ತೆ ಬರೆದಳು.

ಈ ಸಲ ಮೂವತ್ತು ಉತ್ತರ ಬಂದವು. ಗಂಡಸರು ‘ಸರ್’ ಹಚ್ಚಿ ವಾದ ಮಾಡಿದರು. ಧಾರವಾಡದ ಕಾವೇರಿ ಎಂಬ ಹುಡುಗಿ, ‘ಶಂಭು ಅಣ್ಣಾ, ನಿಮ್ಮಂಥ ಗಂಡಸರು ಮನಿಗೊಬ್ಬರು ಇದ್ದಿದ್ರ ಸಾಕಿತ್ತರಿ’ ಎಂದು ಬರೆದಳು. ಅದನ್ನೋದಿ ರಜನಿ ಕುಣಿಯುವುದೊಂದು ಬಾಕಿ. ತನ್ನ ಮಾತಿಗೂ ತೂಕ ಇದೆ ಎಂದು ಅವಳಿಗೆ ಗೊತ್ತಾದದ್ದು ಅವತ್ತೇ. ಆ ತೂಕ ಯಾರದು ಎಂದು ಅವಳು ಯೋಚಿಸಲಿಲ್ಲ. ಸುಖ ಬಂದಾಗ ಯಾರು ತಾನೇ ಯೋಚಿಸುತ್ತಾರೆ?

ಅದೇ ದಿನಗಳಲ್ಲಿ ಶಿದ್ದಪ್ಪನ ಕಡೆಯಿಂದ ರಜನಿಯನ್ನು ಕೇಳಿಕೊಂಡು ಬಂದರು. ಶಿದ್ದಪ್ಪ ದುರ್ಗದಬೈಲಿನಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಹೆಂಡತಿ ತೀರಿಕೊಂಡಿದ್ದಳು, ಆರು ವರ್ಷದ ಮಗಳಿದ್ದಳು. ಅಂಗಡಿಯ ಬಿಲ್ ಪುಸ್ತಕ ಟೈಪ್ ಮಾಡಿಸಲು ಬರುತ್ತಿದ್ದವನು, ರಜನಿಯ ಎಡಗಡೆ ಕೂತು ಎರಡು ಸಲ ಕೇಳಿದ್ದಕ್ಕೂ ಉತ್ತರ ಬಾರದೆ ಇದ್ದಾಗ ಏನೂ ಅನ್ನದೆ ಎದ್ದು ಬಲಗಡೆಯ ಕುರ್ಚಿಗೆ ಹೋಗಿ ಕೂತಿದ್ದ. ಆಮೇಲೆ ಯಾವತ್ತೂ ಬಲಗಡೆಯೇ ಕೂತ. ಇಷ್ಟಕ್ಕೇ ರಜನಿ ಅವನಿಗೆ ಮನಸ್ಸು ಕೊಟ್ಟಿದ್ದಳು.

ಬಿಟ್ಟು ಬಂದ ಹೆಣ್ಣಿಗೆ ಎರಡನೇ ಸಲ ಆಗುವ ಮದುವೆಗೆ ಆ ಕಡೆ ಉಡಕಿ ಎನ್ನುತ್ತಾರೆ. ಓಲಗವಿಲ್ಲ, ಹಂದರವಿಲ್ಲ. ಮೊದಲ ಗಂಡ ಇವಳನ್ನು ಬಿಟ್ಟುಕೊಟ್ಟೆ ಎಂದು ಸೋಡಚೀಟಿ ಬರೆದುಕೊಡಬೇಕು. ಆಮೇಲೆ ಹೆಣ್ಣಿನ ಒಡಹುಟ್ಟಿದವನು ಹಿರಿಯರೆದುರು ವೀಳ್ಯದೆಲೆ ಹಿಡಿದು, ನಾನು ಕೊಟ್ಟೆ ಅನ್ನಬೇಕು. ಇವರ ಮನೆತನದಲ್ಲಿ ಅವನು ಎಲೆ ಹಿಡಿಯದೆ ಹಿರಿಯರು ಕೂಡುವುದೇ ಇಲ್ಲ. ಗಂಗಪ್ಪ ಒಪ್ಪಿದ. ಅಮರಗೋಳ ಮಾರುಕಟ್ಟೆಯ ಹತ್ತಿ ದಲಾಲಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಶಂಭುಲಿಂಗ ಎರಡು ದಿನ ಮುಖ ಗಂಟಿಕ್ಕಿಕೊಂಡು ಓಡಾಡಿ, ಕೊನೆಗೆ ಹೇಳಿದ:

“ಆತು ಬಿಡವಾ ಅಕ್ಕಾ. ಆದ್ರ ಗದ್ದಲ ಬ್ಯಾಡ. ನಾಕ ಮಂದ್ಯಾಗ ಮುಗಿಸೂಣು. ಬರೂ ಸೋಮವಾರ ನರಗುಂದಕ್ಕ ಹೋಗಿ ಸೋಡಚೀಟಿ ತರ್ತೇನಿ.”

ಅವಳು ಸುಮ್ಮನಿದ್ದಿದ್ದರೆ ಸಾಕಾಗಿತ್ತು. ಆದರೆ ಮರುದಿನ ಗುಂಪಿನಲ್ಲಿ ಒಬ್ಬ ಸವಾಲು ಹಾಕಿದ್ದ: ‘ಶಂಭುಲಿಂಗ ಸರ್, ಕಂಡವರ ಮನಿ ಹೆಂಗಸರ ಬಗ್ಗೆ ಭಾಷಣ ಬಿಗಿಯೂದು ಸಸಾರ. ನಿಮ್ಮ ಅಕ್ಕ ಹಿಂಗ ಬಿಟ್ಟು ಬಂದಿದ್ರ ಏನ್ ಮಾಡ್ತಿದ್ರಿ?’ ರಜನಿಗೆ ಮೈಯೆಲ್ಲ ಹಿಗ್ಗಿತು. ತಮ್ಮ ನಿಜಕ್ಕೂ ಒಪ್ಪಿದ್ದಾನಲ್ಲ! ಅವಳು ಬರೆದಳು: ‘ನಮ್ಮ ಅಕ್ಕ ಬಿಟ್ಟು ಬಂದಾಳರಿ. ಈ ತಿಂಗಳ ಆಕಿಗೆ ಉಡಕಿ ಮಾಡಾಕತ್ತೇವಿ. ನಾನ ಎಲಿ ಹಿಡೀತೇನಿ.’

ಸವಾಲು ಹಾಕಿದವನ ಬಾಯಿ ಬಂದಾಯಿತು. ಹೆಂಗಸರು ಹೊಗಳಿದ್ದೇ ಹೊಗಳಿದ್ದು. ಎರಡು ದಿನ ಅವಳ ಕಾಲು ನೆಲದ ಮೇಲೆ ಇರಲಿಲ್ಲ.

ಮೂರನೇ ದಿನ ಶಂಭುಲಿಂಗನೇ ಸೆಂಟರಿಗೆ ಬಂದ. ಕೈಯಲ್ಲಿ ಒಂದು ಕಾಗದವಿತ್ತು. ಮಾರುಕಟ್ಟೆಯ ಇನ್ನೊಂದು ಅಂಗಡಿಯ ಗುಮಾಸ್ತನೊಬ್ಬ ಆ ಗುಂಪಿನಲ್ಲಿದ್ದ. ಫೋಟೋ ಗುರುತು ಹಿಡಿದು, ಪುಟವನ್ನು ಪ್ರಿಂಟ್ ತೆಗೆದು, ಹತ್ತಿ ಹರಾಜಿಗೆ ಸೇರಿದವರೆದುರು ರಾಗವಾಗಿ ಓದಿದ್ದನಂತೆ. ಎಲಿ ಹಿಡಿಯಾಂವ ಬಂದ ನೋಡ್ರೋ ಎಂದು ಹಮಾಲರು ಕೂಡ ನಕ್ಕಿದ್ದರು.

“ನೀನ ಬರದೀ ಹೌದಿಲ್ಲ?” ಎಂದ ಶಂಭುಲಿಂಗ.

“ನೀನ ಒಪ್ಪಿದ್ದೆಲ್ಲೋ ತಮ್ಮಾ. ಖರೇನ ಬರದೇನಿ.”

“ಮನ್ಯಾಗ ಒಪ್ಪೂದು ಬ್ಯಾರೆ, ಊರಾಗ ಡಂಗುರ ಹೊಡಿಯೂದು ಬ್ಯಾರೆ. ನನ್ನ ಹೆಸರಿಲೆ ನನ್ನ ಮಾನಾ ಕಳದೀ. ಇನ್ನ ಎಲಿ ಹಿಡದ್ರ ನಾ ಮಾರ್ಕೆಟ್ಟಿನ್ಯಾಗ ಮಾರಿ ಎತ್ತಿ ಹೆಂಗ ಅಡ್ಡಾಡ್ಲಿ?”

“ತಪ್ಪಾತೋ. ನನ್ನ ಹೊಡಿ ಬೇಕಾದ್ರ. ಸೋಡಚೀಟಿ ಅಷ್ಟು ತಂದುಬಿಡು.”

ಅವನು ಹೊಡೆಯಲಿಲ್ಲ. ಪಾಸ್‌ವರ್ಡ್ ಕೇಳಿ ಅದೇ ಕಾಗದದ ಹಿಂದೆ ಬರೆದುಕೊಂಡು ಹೋದ.

ಸೋಮವಾರ ಹೇಳಿದ ಮಾತಿನಂತೆ ನರಗುಂದಕ್ಕೂ ಹೋದ. ಅಲ್ಲಿ ಗಂಡ ತಂದಿಟ್ಟುಕೊಂಡಿದ್ದ ಆ ಇನ್ನೊಬ್ಬಳು ಬಿಟ್ಟು ಹೋಗಿ ವರ್ಷವಾಗಿತ್ತು. ಅತ್ತೆಗೆ ಲಕ್ವಾ ಹೊಡೆದು, ಮಲಮೂತ್ರವೆಲ್ಲ ಹಾಸಿಗೆಯಲ್ಲೇ. ಬಳಿಯಲು ಒಂದು ಜೀವ ಬೇಕಾಗಿತ್ತು. ಶಂಭುಲಿಂಗ ಸೋಡಚೀಟಿಯ ಮಾತೇ ಎತ್ತಲಿಲ್ಲ. ಗುರುವಾರ ಕರೆತಂದು ಬಿಡುತ್ತೇನೆ ಎಂದು ಮಾತು ಕೊಟ್ಟು ಬಂದ.

ಎಲೆ ಹಿಡಿಯುವವನೇ ಒಲ್ಲೆ ಅಂದ ಮೇಲೆ ತನ್ನದೇನು ನಡೆಯುತ್ತದೆ ಎಂದು ಗಂಗಪ್ಪ ಗೋಡೆ ಕಡೆ ತಿರುಗಿ ಕೂತ. ಸಂಗವ್ವ ಅತ್ತಳು, ಅಳುತ್ತಲೇ ಮಗಳ ಸೀರೆ ಮಡಚಿಟ್ಟಳು. ಶಿದ್ದಪ್ಪ ಬುಧವಾರ ಬಂದು ಅಂಗಳದಲ್ಲಿ ನಿಂತ. ಶಂಭುಲಿಂಗ ಅವನನ್ನು ಒಳಗೆ ಕರೆಯಲಿಲ್ಲ. ರಜನಿಯೇ ಬಾಗಿಲಿಗೆ ಬಂದು, “ಹೋಗ್ರಿ ನೀವು. ನಿಮಗೂ ನಾಕ ಮಾತು ಬರೂದು ಬ್ಯಾಡ” ಎಂದಳು. ಹಾಳಾದ ನಾಲಿಗೆ, ನನ್ನನ್ನು ಕರೆದುಕೊಂಡು ಹೋಗಿರಿ ಎಂದು ಹೇಳಲೇ ಇಲ್ಲ.

ಗುರುವಾರ ಬಸ್ಸಿಗೆ ಹೊರಡುವ ಮುಂಚೆ ಶಂಭುಲಿಂಗ ಅವಳನ್ನು ಸೆಂಟರಿಗೆ ಕರೆದೊಯ್ದ. ಬಾಕಿ ಪಗಾರ ಇಸಿದುಕೊಳ್ಳುವುದಿತ್ತು. ಅದು ಮುಗಿದ ಮೇಲೆ ಕಂಪ್ಯೂಟರಿನ ಮುಂದೆ ಕೂತು ಆ ಗುಂಪಿನ ಪುಟ ತೆರೆದ. ಹಿಂದಿನ ದಿನ ಅದೇ ಖಾತೆಯಿಂದ ತಾನೇ ಬರೆದಿದ್ದ: ‘ಮೊದಲ ಬರದದ್ದು ತಪ್ಪು. ನಮ್ಮ ಅಕ್ಕಗ ಬುದ್ಧಿ ಹೇಳೇನಿ. ಆಕಿ ಖುಷಿಯಿಂದ ಗಂಡನ ಮನಿಗೆ ಹೊಂಟಾಳ.’

“ನೋಡಿಲ್ಲೆ, ಎಷ್ಟ ಮಂದಿ ಛಲೋ ಆತು ಅಂದಾರ” ಎಂದ. ಸಿಟ್ಟು ಇಳಿದಿತ್ತು. ಅವಳ ಮನಸ್ಸಿಗೂ ಸಮಾಧಾನವಾಗಲಿ ಎಂದೇ ತೋರಿಸುತ್ತಿದ್ದ, ಅದು ಇನ್ನೂ ಕೆಟ್ಟದ್ದು.

ನಲವತ್ತಾರು ಉತ್ತರಗಳಿದ್ದವು. ರಜನಿ ಒಂದೊಂದನ್ನೂ ಓದಿದಳು. ಸವಾಲು ಹಾಕಿದವನು ಶಹಬ್ಬಾಸ್ ಅಂದಿದ್ದ. ಮಾಸ್ತರನ ಪಕ್ಷದ ಹೆಂಗಸರು, ಹಾಗಲ್ಲ, ಹೀಗಲ್ಲ ಎಂದು ಎಳೆದಾಡಿ, ಶಂಭು ಅಣ್ಣ ಹೇಳಿದ ಮೇಲೆ ಅದರಲ್ಲೇನೋ ಅರ್ಥ ಇರಲೇಬೇಕು ಎಂದು ಒಪ್ಪಿಕೊಂಡಿದ್ದರು. ಆ ಅಕ್ಕ ಏನನ್ನುತ್ತಾಳೆ ಎಂದು ಒಬ್ಬರಾದರೂ ಕೇಳಿದ್ದಾರೆಯೇ ಎಂದು ಅವಳು ಹುಡುಕುತ್ತ ಕೊನೆಯವರೆಗೂ ಹೋದಳು. ಕೊನೆಯದು ಕಾವೇರಿಯದು.

‘ಅಣ್ಣಾ, ನಿಮ್ಮಂಥ ತಮ್ಮನ್ನ ಪಡೀಲಿಕ್ಕೆ ನಿಮ್ಮ ಅಕ್ಕ ಪುಣ್ಯಾ ಮಾಡಿದ್ಲರಿ.’